ಟಿವಿಯೂ ಮಲಗುತ್ತಿದ್ದ ಕಾಲ

ರಾತ್ರಿ ಟಿವಿ ಕೇಂದ್ರಗಳು ಪ್ರಸಾರ ನಿಲ್ಲಿಸುತ್ತಿದ್ದ ಕಾಲದ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಓದಿ ಖುಷಿಯಾಯಿತು. ಆದರೆ ಅದನ್ನು ಬರೀ ಅನುಕೂಲ ಇಲ್ಲದ ಕಾಲದ ಪದ್ಧತಿ ಅಂದಿದ್ದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅದರಲ್ಲಿ ಒಂದು ಮರ್ಯಾದೆ ಇತ್ತು. ಮನೆಗೆ ಬಂದ ನೆಂಟರು ಹೇಳಿ ಹೊರಡುತ್ತಾರಲ್ಲ, ಹಾಗೆ. ಬ್ರಿಟನ್ನಿನ ಬಿಬಿಸಿ ಒನ್ ವಾಹಿನಿ ಶುಭರಾತ್ರಿ ಹೇಳಿ, ರಾಷ್ಟ್ರಗೀತೆ ಹಾಕಿ ಮುಗಿಸುತ್ತಿತ್ತು. ಟಿವಿ ಆರಿಸಲು ಮರೆಯಬೇಡಿ ಅಂತ ನೆನಪಿಸುವ ಕೇಂದ್ರಗಳೂ ಇದ್ದವು. ಎಷ್ಟು ಕಾಳಜಿ ಅಲ್ವಾ! 1997ರ ನವೆಂಬರ್‌ನಲ್ಲಿ ಬಿಬಿಸಿ ನ್ಯೂಸ್ 24 ಅನ್ನುವ ಸುದ್ದಿ ವಾಹಿನಿ ಶುರುವಾಯಿತು. ಆಮೇಲೆ ಬಿಬಿಸಿ ಒನ್‌ನಲ್ಲೂ ರಾತ್ರಿಯಿಡೀ ಅದರದೇ ಸುದ್ದಿ, ವಿದಾಯ ಇಲ್ಲ.

ಟೆಸ್ಟ್ ಕಾರ್ಡ್, ಅಂದರೆ ಕಾರ್ಯಕ್ರಮ ಇಲ್ಲದಾಗ ಸೆಟ್ ಸರಿಮಾಡಿಕೊಳ್ಳಲು ತೋರಿಸುತ್ತಿದ್ದ ಸ್ಥಿರಚಿತ್ರ, ಅದರ ಬಗ್ಗೆ ನೀವು ಇನ್ನೆರಡು ಮಾತು ಬರೆಯಬೇಕಿತ್ತು. 1967ರಲ್ಲಿ ಬಂದ ಬಿಬಿಸಿಯ ಕಾರ್ಡಿನಲ್ಲಿ ಒಬ್ಬ ಹುಡುಗಿ, ಪಕ್ಕದಲ್ಲಿ ಕೋಡಂಗಿ ಗೊಂಬೆ, ಕಪ್ಪು ಹಲಗೆಯ ಮೇಲೆ ಸೊನ್ನೆ-ಎಕ್ಸ್ ಆಟದ ಗುರುತುಗಳು. ಅದು ಸುಮ್ನೆ ಅಂದಕ್ಕೆ ಇಟ್ಟ ಚಿತ್ರ ಅಲ್ಲ. ಹಲಗೆ ಮೇಲಿನ ಎಕ್ಸ್ ಗುರುತು ಚಿತ್ರದ ನಟ್ಟನಡುವೆ ಬರುತ್ತದೆ. ಹುಡುಗಿಯ ಮೈಬಣ್ಣ ನೋಡಿ ಸೆಟ್ಟಿನ ಬಣ್ಣ ಸರಿಮಾಡಬಹುದಿತ್ತು.

ನನಗೆ ಜಾಸ್ತಿ ಕಾಡುವುದು ಪ್ರಸಾರ ಮುಗಿದ ಮೇಲಿನ ಗಳಿಗೆ. ಸಿಗ್ನಲ್ ಹೋದ ಕೂಡಲೇ ಸುಯ್ಯೆನ್ನುವ ಸದ್ದು, ಪರದೆ ತುಂಬ ಕುಣಿಯುವ ಬಿಳಿ ಚುಕ್ಕಿಗಳು. ಅದರಲ್ಲಿ ಒಂದು ಸಣ್ಣ ಪಾಲು ವಿಶ್ವದ ಆರಂಭದ ಮಹಾಸ್ಫೋಟದ ಉಳಿಕೆ ವಿಕಿರಣದ್ದು! ಆರಿಸಲು ಗುಂಡಿ ಒತ್ತಿದರೆ ಚಿತ್ರವೆಲ್ಲ ಕುಗ್ಗಿ ಒಂದೇ ಚುಕ್ಕಿ. ಗಾಜಿನ ಹತ್ತಿರ ಕೈ ಒಯ್ದರೆ ಚಿಟಪಟ, ಮುಂಗೈ ಕೂದಲು ನಿಮಿರಿ ನಿಲ್ಲುತ್ತಿತ್ತು.