ಸತ್ಯಾಂಶ: 1948ರಲ್ಲಿ ಅರಬ್ಬರು ರೇಡಿಯೋ ಕೇಳಿ ಊರು ಬಿಟ್ಟರೇ?

‘1948ರಲ್ಲಿ ಅರಬ್ ನಾಯಕರೇ ರೇಡಿಯೋದಲ್ಲಿ ಹೊರಡಿ ಅಂದರು, ಪ್ಯಾಲೆಸ್ಟೀನಿನ ಜನ ತಾವಾಗಿಯೇ ಊರು ಬಿಟ್ಟರು’ ಅನ್ನೋ ಮೆಸೇಜ್ ಆಗಾಗ ಓಡಾಡುತ್ತದೆ. ಇಸ್ರೇಲ್ ದೇಶ ಹುಟ್ಟಿದ ಹೊತ್ತಿನ ಯುದ್ಧದ ಮಾತಿದು. ಹಾಗೆ ಎಲ್ಲರಿಗೂ ಕರೆ ಕೊಟ್ಟಿದ್ದಕ್ಕೆ ಪುರಾವೆ ಇಲ್ಲ. ಆಗಿನ ಪ್ರಸಾರಗಳನ್ನು ಬಿಬಿಸಿ ದಾಖಲಿಸುತ್ತಿತ್ತು. ಆ ದಾಖಲೆ ಜಾಲಾಡಿದವರಿಗೂ ಅಂಥ ಕರೆ ಸಿಗಲಿಲ್ಲ. ಕೆಲವು ಹಳ್ಳಿಗಳಲ್ಲಿ ಹೆಂಗಸರು, ಮಕ್ಕಳನ್ನು ಬೇರೆಡೆ ಕಳಿಸಿ ಎಂದು ಅರಬ್ ಮುಖಂಡರು ಹೇಳಿದ್ದು ನಿಜ. ಮೆಸೇಜಿನವರು ಅದನ್ನೇ ಎಳೆದು ಹಿಗ್ಗಿಸಿದ್ದಾರೆ.

ಸುಮಾರು 7 ಲಕ್ಷ ಜನ ನೆಲೆ ಕಳೆದುಕೊಂಡರು. 400ಕ್ಕೂ ಜಾಸ್ತಿ ಹಳ್ಳಿಗಳು ಖಾಲಿಯಾದವು. ಎಷ್ಟೋ ಕಡೆ ಜನ ದಾಳಿಗೆ ಹೆದರಿ ಓಡಿದರು. ಏಪ್ರಿಲ್ 9ರಂದು ದೇರ್ ಯಾಸೀನ್ ಎಂಬ ಅರಬ್ ಹಳ್ಳಿಯಲ್ಲಿ ಯಹೂದಿ ಸಶಸ್ತ್ರ ಗುಂಪುಗಳು ನಡೆಸಿದ ಹತ್ಯಾಕಾಂಡದ ಸುದ್ದಿ ಆ ಭಯವನ್ನು ಹೆಚ್ಚಿಸಿತು. ಜುಲೈನಲ್ಲಿ ಲಿದ್ದಾ ಪಟ್ಟಣದ ಜನರನ್ನು ಇಸ್ರೇಲಿ ಸೇನೆಯೇ ಹೊರಹಾಕಿತು. ಆ ಆದೇಶಕ್ಕೆ ಸಹಿ ಹಾಕಿದ್ದು ಮುಂದೆ ಪ್ರಧಾನಿಯಾದ ಯಿತ್ಜಾಕ್ ರಾಬಿನ್.

ಇಕ್ರಿತ್ ಕಥೆ ಇನ್ನೂ ವಿಚಿತ್ರ. ಲೆಬನಾನ್ ಗಡಿ ಹತ್ತಿರದ ಕ್ರೈಸ್ತ ಹಳ್ಳಿ ಅದು, ಹೋರಾಡದೆ ಶರಣಾಗಿತ್ತು. ನವೆಂಬರ್‌ನಲ್ಲಿ ಎರಡು ವಾರದ ಮಟ್ಟಿಗೆ ಅಂತ ಹೇಳಿ ಸೇನೆ ಊರು ಬಿಡಿಸಿತು. 1951ರ ಜುಲೈನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ಅವರು ವಾಪಸ್ ಹೋಗಬಹುದು ಎಂದಿತು. ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಸೇನೆ ಚರ್ಚ್ ಒಂದನ್ನು ಬಿಟ್ಟು ಮನೆಗಳನ್ನೆಲ್ಲ ಸ್ಫೋಟಿಸಿತು. ಊರವರ ಮಕ್ಕಳು, ಮೊಮ್ಮಕ್ಕಳು ಇಸ್ರೇಲಿನ ಪ್ರಜೆಗಳೇ. ಮರಳುವ ಹಕ್ಕಿಗಾಗಿ ದಶಕಗಳಿಂದ ಕೇಳುತ್ತಲೇ ಬಂದಿದ್ದಾರೆ.