ಟಿಕೆಟ್ ಯಾರ ಕೈಯಲ್ಲಿದೆ: ಡೆಟ್ರಾಯಿಟ್‌ನಿಂದ ಕಂಡ ಕರ್ನಾಟಕ

ಮಿಶಿಗನ್ ರಾಜ್ಯದ 13ನೇ ಕ್ಷೇತ್ರದಿಂದ 2022ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಶ್ರೀ ಥಾಣೇದಾರ್ ಅವರು ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಅವರ ಮನೆಮಾತು ಮರಾಠಿ. ಆದರೂ ಡೆಟ್ರಾಯಿಟ್ ಸುತ್ತಲಿನ ಕನ್ನಡಿಗರು ಅವರನ್ನು ನಮ್ಮ ಕಡೆಯವರೆಂದೇ ಹೇಳಿಕೊಳ್ಳುತ್ತಾರೆ, ಏಕೆಂದರೆ ಇಷ್ಟು ದೂರ ಬಂದ ಮೇಲೆ ಗಡಿ ವಿವಾದದ ಕಾವು ತುಸು ಇಳಿದಿರುತ್ತದೆ. ಆ ಹೆಮ್ಮೆಯ ವಿಚಾರ ಹಾಗಿರಲಿ. ಉದ್ಯಮಿಯೊಬ್ಬರು ಮೊದಲು ರಾಜ್ಯದ ಶಾಸಕರಾಗಿ, ಅಲ್ಲಿಂದ ರಾಷ್ಟ್ರದ ಸಂಸತ್ತಿಗೆ ಸ್ಪರ್ಧಿಸಿದ ದಾರಿ ನಮ್ಮ ರಾಜ್ಯದ ದಾರಿಗಿಂತ ಎಷ್ಟು ಬೇರೆಯಾಗಿದೆ ಎಂಬುದರಲ್ಲಿ ನನಗೆ ಆಸಕ್ತಿ.

ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಥಾಣೇದಾರ್ 1991ರಲ್ಲಿ ಸೇಂಟ್ ಲೂಯಿಸ್‌ನ ಕೆಮಿರ್ ಎಂಬ ಸಣ್ಣ ಪ್ರಯೋಗಾಲಯವನ್ನು ಸಾಲ ಮಾಡಿ ಕೊಂಡು ಬೆಳೆಸಿದರು, 2010ರಲ್ಲಿ ಬ್ಯಾಂಕಿನ ಸಾಲದಿಂದಾಗಿ ಅದನ್ನು ಕಳೆದುಕೊಂಡರು, ಆ ಬಳಿಕ ಮಿಶಿಗನ್‌ಗೆ ಬಂದು ಅವೊಮೀನ್ ಎಂಬ ಇನ್ನೊಂದು ಕಂಪನಿ ಕಟ್ಟಿ 2016ರಲ್ಲಿ ಅದರ ಬಹುಪಾಲನ್ನು ಮಾರಿದರು. 2018ರಲ್ಲಿ ಸುಮಾರು ಒಂದು ಕೋಟಿ ಡಾಲರ್ ಸ್ವಂತ ಹಣ ಸುರಿದು ಡೆಮಾಕ್ರಟಿಕ್ ಪಕ್ಷದೊಳಗೆ ರಾಜ್ಯಪಾಲ ಹುದ್ದೆಯ ಉಮೇದುವಾರಿಕೆಗೆ ಸ್ಪರ್ಧಿಸಿ ಮೂರನೆಯವರಾಗಿ ಸೋತರು. (ಇಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯಂತೆ ಆಡಳಿತ ನಡೆಸುವವರು.) ಆದರೆ ಡೆಟ್ರಾಯಿಟ್ ನಗರದೊಳಗೆ ಅವರೇ ಮೊದಲಿಗರಾಗಿದ್ದರು. ಆ ಸುಳಿವನ್ನು ಹಿಡಿದೇ 2020ರಲ್ಲಿ ಆ ನಗರದಿಂದ ರಾಜ್ಯದ ಕೆಳಮನೆಗೆ ಗೆದ್ದರು ಎಂದು ನನ್ನ ಊಹೆ. ಒಂದೇ ಅವಧಿ ಮುಗಿಸಿ ಮುಂದಿನ ಮೆಟ್ಟಿಲು ಹತ್ತಿದರು.

ಇಲ್ಲಿ ಅಭ್ಯರ್ಥಿಯು ತನ್ನ ಸ್ವಂತ ಹಣವನ್ನು ಖರ್ಚು ಮಾಡಲು ಮಿತಿಯೇ ಇಲ್ಲ; ಅಂಥ ಮಿತಿ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 1976ರಲ್ಲೇ ತೀರ್ಪು ಕೊಟ್ಟಿದೆ. ನಮ್ಮಲ್ಲಿ ಲೋಕಸಭಾ ಅಭ್ಯರ್ಥಿಗೆ 95 ಲಕ್ಷ ರೂಪಾಯಿಯ ಮಿತಿಯಿದೆ, ಪಕ್ಷ ಮಾಡುವ ಖರ್ಚಿಗೆ ಮಾತ್ರ ಮಿತಿಯಿಲ್ಲ. ಈ 95 ಲಕ್ಷದ ಲೆಕ್ಕವನ್ನು ಮಂಡ್ಯದಲ್ಲಾಗಲಿ ಬಳ್ಳಾರಿಯಲ್ಲಾಗಲಿ ಯಾರೂ ಗಂಭೀರವಾಗಿ ನಂಬುವುದಿಲ್ಲ. ಅಮೆರಿಕದ ಪದ್ಧತಿ ನ್ಯಾಯವಾದುದೆಂದು ನಾನು ಹೇಳಲಾರೆ, ಏಕೆಂದರೆ ಹಣವಿಲ್ಲದ ಯೋಗ್ಯರಿಗೆ ಅದು ಬಾಗಿಲು ಮುಚ್ಚುತ್ತದೆ. ಆದರೆ ಅಭ್ಯರ್ಥಿ ಸುರಿದ ಸ್ವಂತ ಹಣ ಎಷ್ಟು ಎಂಬುದು ಮತದಾನಕ್ಕೆ ಮುನ್ನವೇ ಬಹುಮಟ್ಟಿಗೆ ಬಹಿರಂಗವಾಗಿರುತ್ತದೆ. ಆಸ್ತಿಯ ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು: ಇಲ್ಲಿನ ಘೋಷಣೆಯಲ್ಲಿ ಇಷ್ಟರಿಂದ ಇಷ್ಟರೊಳಗೆ ಎಂಬ ಅಂದಾಜು ಸಾಕು, ನಮ್ಮಲ್ಲಿ 2024ರಲ್ಲಿ ಮಂಡ್ಯದ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದ ಉದ್ಯಮಿ ವೆಂಕಟರಮಣೇಗೌಡರು 600 ಕೋಟಿಗೂ ಮೀರಿದ ಆಸ್ತಿಯನ್ನು ಪ್ರಮಾಣಪತ್ರದಲ್ಲಿ ವಿವರವಾಗಿ ಬರೆದುಕೊಡಬೇಕಾಯಿತು.

ನಿಜವಾದ ವ್ಯತ್ಯಾಸವಿರುವುದು ಟಿಕೆಟ್ಟಿನಲ್ಲಿ. ಮಿಶಿಗನ್‌ನಲ್ಲಿ ಸಂಸತ್ತಿನ ಕೆಳಮನೆಗೆ ಸ್ಪರ್ಧಿಸಲು ಸಾವಿರ ಮತದಾರರ ಸಿಂಧುವಾದ ಸಹಿ ತಂದವರು ಯಾರೇ ಆದರೂ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆಯಲ್ಲಿ, ನಿಲ್ಲಬಹುದು, ಪಕ್ಷದ ನಾಯಕರಿಗೆ ಇಷ್ಟವಿರಲಿ ಇಲ್ಲದಿರಲಿ. ಆಗಸ್ಟ್ ತಿಂಗಳ ಆ ಚುನಾವಣೆಯಲ್ಲಿ ಯಾವುದಾದರೂ ಒಂದು ಪಕ್ಷದ ಪಟ್ಟಿಯನ್ನು ಆರಿಸಿಕೊಂಡು ಮತ ಹಾಕುವ ಹಕ್ಕು ಎಲ್ಲ ಮತದಾರರಿಗೂ ಇದೆ. ಪಕ್ಷದ ಸದಸ್ಯತ್ವ ಬೇಕಿಲ್ಲ. ಉದ್ಯಮಿಯ ಹಳೆಯ ಕಡತಗಳು ಬಿಚ್ಚಿಕೊಳ್ಳುವುದೂ ಈ ಹಂತದಲ್ಲೇ. ಥಾಣೇದಾರರ ಒಡೆತನದಲ್ಲಿದ್ದ ನ್ಯೂಜೆರ್ಸಿಯ ಪ್ರಯೋಗಾಲಯ 2010ರಲ್ಲಿ ಮುಚ್ಚಿದಾಗ ಒಳಗೇ ಉಳಿದುಹೋದ ನಾಯಿಗಳ ಮತ್ತು ಕೋತಿಗಳ ಕಥೆ 2018ರಲ್ಲಿ ದೊಡ್ಡ ಸುದ್ದಿಯಾಯಿತು, ಆಗ ಅದು ಬ್ಯಾಂಕಿನ ವಶದಲ್ಲಿತ್ತೆಂದು ಅವರು ಉತ್ತರ ಕೊಡಬೇಕಾಯಿತು. ನಮ್ಮಲ್ಲಿ ಗಣಿಯವರು, ಕಾಲೇಜು ನಡೆಸುವವರು, ಗುತ್ತಿಗೆದಾರರು ಇಂಥ ಪ್ರಶ್ನೆಗಳಿಗೆ ಉತ್ತರಿಸುವುದಿದ್ದರೆ ಅದು ದೆಹಲಿಯ ಮುಚ್ಚಿದ ಕೋಣೆಯಲ್ಲಿ. ಬಿ ಫಾರಂ ಕೈಗೆ ಬಂದ ಮೇಲೆ ಕ್ಷೇತ್ರದ ಕಾರ್ಯಕರ್ತನಿಗೆ ಉಳಿಯುವುದು ಬ್ಯಾನರ್ ಕಟ್ಟುವ ಕೆಲಸ.

ಪ್ರಾಥಮಿಕ ಚುನಾವಣೆಯನ್ನು ಸರ್ವರೋಗಕ್ಕೂ ಮದ್ದೆಂದು ಹೊಗಳುವ ಅನಿವಾಸಿ ಮಿತ್ರರನ್ನು ನಾನು ಒಪ್ಪುವುದಿಲ್ಲ. 2022ರಲ್ಲಿ ಥಾಣೇದಾರರು ಒಂಬತ್ತು ಮಂದಿಯ ನಡುವೆ ಶೇಕಡ 28ರಷ್ಟು ಮತ ಪಡೆದು ಗೆದ್ದರು. ಮುಕ್ಕಾಲು ಪಾಲಿಗೂ ಹೆಚ್ಚು ಜನ ಕಪ್ಪುವರ್ಣೀಯರಿರುವ ಡೆಟ್ರಾಯಿಟ್ ನಗರಕ್ಕೆ ಇದರಿಂದಾಗಿ ಸುಮಾರು ಏಳು ದಶಕಗಳಲ್ಲಿ ಮೊದಲ ಬಾರಿಗೆ ಸಂಸತ್ತಿನ ಕೆಳಮನೆಯಲ್ಲಿ ಕಪ್ಪುವರ್ಣೀಯ ಪ್ರತಿನಿಧಿ ಇಲ್ಲದಂತಾಯಿತು. ಆ ನೋವು ನ್ಯಾಯವಾದದ್ದು. ನಮ್ಮವರು ಸಂಭ್ರಮದ ನಡುವೆ ಅದನ್ನು ಗಮನಿಸಲೇ ಇಲ್ಲ.

ಶಾಸಕ ಸ್ಥಾನ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಇಲ್ಲಿ ರಾಜ್ಯದ ಕೆಳಮನೆಗೂ ಸಂಸತ್ತಿನ ಕೆಳಮನೆಗೂ ಎರಡು ವರ್ಷಕ್ಕೊಮ್ಮೆ ಒಂದೇ ದಿನ ಚುನಾವಣೆ ನಡೆಯುವುದರಿಂದ ಮೇಲಕ್ಕೆ ಹೋಗಬಯಸುವವರು ಹಳೆಯ ಸ್ಥಾನದ ಆಸೆ ಬಿಟ್ಟೇ ಹೊರಡಬೇಕು. ಕರ್ನಾಟಕದಲ್ಲಿ 2024ರಲ್ಲಿ ಬಸವರಾಜ ಬೊಮ್ಮಾಯಿ, ಕುಮಾರಸ್ವಾಮಿ, ಇ. ತುಕಾರಾಂ ಈ ಮೂವರೂ ಶಾಸಕರಾಗಿದ್ದುಕೊಂಡೇ ಲೋಕಸಭೆಗೆ ಗೆದ್ದರು. ಸೋತಿದ್ದರೆ ಶಾಸಕರಾಗಿಯೇ ಉಳಿಯುತ್ತಿದ್ದರು. ಶಿಗ್ಗಾಂವಿ, ಚನ್ನಪಟ್ಟಣ, ಸಂಡೂರುಗಳ ಉಪಚುನಾವಣೆಯ ವೆಚ್ಚ ಜನರ ಮೇಲೆ ಬಿತ್ತು. ಆ ಮೂರೂ ಕಡೆ ಟಿಕೆಟ್ ಸಿಕ್ಕಿದ್ದು ಸ್ಥಾನ ತೆರವು ಮಾಡಿದವರ ಮಗನಿಗೆ ಅಥವಾ ಹೆಂಡತಿಗೆ. ಇಬ್ಬರು ಮಕ್ಕಳನ್ನು ಮತದಾರರು ಸೋಲಿಸಿದರು, ಪತ್ನಿ ಗೆದ್ದರು.

2026ರ ಚುನಾವಣೆಗೆ ಥಾಣೇದಾರರಿಗೇ ಪಕ್ಷದೊಳಗಿಂದ ಸವಾಲು ಎದುರಾಯಿತು. ಡೊನವನ್ ಮೆಕಿನ್ನಿ ಎಂಬ ರಾಜ್ಯ ಶಾಸಕರು 2025ರಲ್ಲೇ ಅವರ ವಿರುದ್ಧ ಸ್ಪರ್ಧಿಸುವುದಾಗಿ ಘೋಷಿಸಿದರು. ಅದನ್ನು ಯಾರೂ ಬಂಡಾಯವೆಂದು ಕರೆಯಲಿಲ್ಲ, ನೋಟಿಸ್ ಕೊಡಲಿಲ್ಲ. ಮಗನಿಗೆ ಹಾವೇರಿಯ ಟಿಕೆಟ್ ತಪ್ಪಿದ ಸಿಟ್ಟಿನಲ್ಲಿ ಈಶ್ವರಪ್ಪನವರು ಶಿವಮೊಗ್ಗದಲ್ಲಿ ಪಕ್ಷೇತರರಾಗಿ ನಿಂತಾಗ ಬಿಜೆಪಿ ಅವರನ್ನು ಆರು ವರ್ಷ ಉಚ್ಚಾಟಿಸಿತು. ಅವರ ಸಿಟ್ಟು ಕುಟುಂಬದ್ದೇ ಆಗಿರಬಹುದು, ಅದರ ಬಗ್ಗೆ ನನಗೆ ಮರುಕವಿಲ್ಲ. ಆದರೆ ಹಾವೇರಿಗೆ ಬೊಮ್ಮಾಯಿಯವರೋ ಈಶ್ವರಪ್ಪನವರ ಮಗನೋ ಎಂಬ ಪ್ರಶ್ನೆಯನ್ನು ಹಾವೇರಿಯ ಬಿಜೆಪಿ ಮತದಾರರ ಮುಂದಿಡಲು ನಮ್ಮಲ್ಲಿ ಯಾವ ವ್ಯವಸ್ಥೆಯೂ ಇರಲಿಲ್ಲ.