ದುಡ್ಡು ಕೊಟ್ಟು ಸೌದೆ ಒಡೆದದ್ದು

ಜುಲೈ ಬಂತೆಂದರೆ ಫಿನ್ಲೆಂಡಿನವರು ಆಫೀಸಿನಲ್ಲಿ ಕೂರುವುದಿಲ್ಲ. ಇಮೇಲ್ ಕಳಿಸಿದರೆ 'ಆಗಸ್ಟಿನಲ್ಲಿ ಸಿಗೋಣ' ಎಂಬ ತಾನೇ ತಾನಾದ ಉತ್ತರ ಬರುತ್ತದೆ. ಎಲ್ಲರೂ ಹೋಗಿರುವುದು ಕಾಡಿನ ನಡುವೆ, ನೀರಿನ ದಂಡೆಯಲ್ಲಿರುವ ಮರದ ಮನೆಗೆ. ಅದಕ್ಕೆ ಇಲ್ಲಿ ಮೊಕ್ಕಿ ಅನ್ನುತ್ತಾರೆ. 55 ಲಕ್ಷ ಚಿಲ್ಲರೆ ಜನರ ದೇಶದಲ್ಲಿ ಮೊಕ್ಕಿಗಳೇ 5 ಲಕ್ಷಕ್ಕೂ ಹೆಚ್ಚಿವೆ. ಸಣ್ಣಪುಟ್ಟದ್ದೆಲ್ಲ ಸೇರಿಸಿದರೆ ಸರೋವರಗಳು ಸುಮಾರು 1,88,000, ಹಾಗಾಗಿ ದಂಡೆಗೇನೂ ಬರವಿಲ್ಲ.

ತೀರ್ಥಹಳ್ಳಿ ಕಡೆಯಿಂದ ಅಪ್ಪ ಅಮ್ಮ ಬಂದು, ಹೆಲ್ಸಿಂಕಿ ಪಕ್ಕದ ಎಸ್ಪೋ ಊರಿನ ನಮ್ಮ ಫ್ಲ್ಯಾಟಿನಲ್ಲಿ ಕಿಟಕಿ ಎಣಿಸುತ್ತ ಕೂತಿದ್ದರು. ಅವರಿಗೂ ಒಂದು ಗಾಳಿ ಬದಲಾವಣೆ ಆಗಲಿ ಎಂದು ಸೈಮಾ ಸರೋವರದ ದಂಡೆಯ ಒಂದು ರೆಸಾರ್ಟಿನಲ್ಲಿ ಮೊಕ್ಕಿ ಬಾಡಿಗೆಗೆ ಹಿಡಿದೆವು. ಸವೊನ್ಲಿನ್ನ ಊರಿನ ಹತ್ತಿರ, ನಮ್ಮ ಮನೆಯಿಂದ ನಾಲ್ಕು ಗಂಟೆಯ ದಾರಿ. ರೆಸಾರ್ಟ್ ಎಂದ ಕೂಡಲೇ ಅಮ್ಮ ಒಳ್ಳೆಯ ಸೀರೆ ಮಡಚಿ ಇಡತೊಡಗಿದಳು. ಮಡಚುತ್ತಲೇ ವಿಚಾರಣೆ ನಡೆಯಿತು.

"ಅಡುಗೆ ಯಾರು ಮಾಡ್ತಾರೆ?"

"ನಾವೇ."

"ಪಾತ್ರೆ?"

"ನಾವೇ."

"ಹಾಸಿಗೆ ಮೇಲಿನ ಬಟ್ಟೆ?"

"ನಾವೇ ತಗೊಂಡು ಹೋಗ್ಬೇಕು. ಬರುವಾಗ ಮನೆ ಗುಡಿಸಿ ಒರೆಸಿ ಬರ್ಬೇಕು."

"ಹಂಗಾದ್ರೆ ಆ ರೆಸಾರ್ಟಿನೋರು ಎಂತ ಮಾಡ್ತಾರೆ ಮಾರಾಯ್ತಿ?"

"ಬಾಡಿಗೆ ತಗೋತಾರೆ."

ಒಳ್ಳೆಯ ಸೀರೆ ವಾಪಸ್ ಕಪಾಟಿಗೆ ಹೋಯಿತು. ಅದರ ಜಾಗದಲ್ಲಿ ಇಡ್ಲಿ ಸ್ಟ್ಯಾಂಡು, ಕುಕ್ಕರು, ಒಗ್ಗರಣೆ ಸೌಟು ಮತ್ತು ಊರಿನ ಗಾಣದ ತೆಂಗಿನೆಣ್ಣೆಯ ದೊಡ್ಡ ಬಾಟಲಿ ಬಂದು ಕೂತವು. ಈ ಬಾಟಲಿಯ ಮುಚ್ಚಳ ಸರಿಯಿರಲಿಲ್ಲ. ಕಥೆ ಮುಂದೆ ಇದೆ.

ಅಲ್ಲಿಗೆ ಮುಟ್ಟಿದಾಗ ಸ್ವಾಗತಿಸಲು ನರಪಿಳ್ಳೆಯೂ ಇರಲಿಲ್ಲ. ಸೌದೆ ಕೊಟ್ಟಿಗೆಯ ಮೊಳೆಯಲ್ಲಿ ಬೀಗದ ಕೈ ನೇತಾಡುತ್ತಿತ್ತು. ಮನೆಯೇನೋ ಚಂದ. ಕೆಂಪು ಬಣ್ಣ, ಬಿಳಿ ಕಿಟಕಿ, ಎದುರಿಗೆ ಕಣ್ಣು ಹಾಯುವಷ್ಟು ನೀರು, ನೀರಿನ ತುಂಬ ದ್ವೀಪಗಳು. ದೀಪಕ್ಕೂ ಫ್ರಿಜ್ಜಿಗೂ ಕರೆಂಟಿತ್ತು. ಕುಡಿಯುವ ನೀರಿಗೆ ಅಂಗಳದಲ್ಲಿ ಕೈಪಂಪು. ಸ್ನಾನಕ್ಕೆ ದಂಡೆಯ ಮೇಲೆ ಸೌದೆ ಉರಿಸುವ ಸೌನಾ. ಕಕ್ಕಸು ಮಾತ್ರ ಮನೆಯ ಹಿಂದೆ, ಮರಗಳ ಸಂದಿಯಲ್ಲಿ, ಬಾಗಿಲಿನ ಮೇಲೆ ಹೃದಯದಾಕಾರದ ತೂತಿನ ಸಮೇತ.

ಅಮ್ಮ ಎಲ್ಲವನ್ನೂ ಒಂದು ಸುತ್ತು ನೋಡಿ ಬಂದು ಮೆಟ್ಟಿಲ ಮೇಲೆ ಕೂತಳು. "1984ರಲ್ಲಿ ನಿಮ್ಮಪ್ಪನ ಹತ್ರ ಮಾತು ಬಿಟ್ಟು ಮನೆಗೆ ನಲ್ಲಿ ಹಾಕಿಸ್ದೆ. ಕಕ್ಕಸು ಒಳಗೆ ಬರೋಕೆ ಮತ್ತೆ ಏಳು ವರ್ಷ ಬೇಕಾಯ್ತು. ಸೌದೆ ಒಲೆ ಹೋಗಿ ಗ್ಯಾಸ್ ಬಂದ ದಿನ ಪಾಯಸ ಮಾಡಿದ್ದೆ. ಈಗ ನೀವು ಯೂರೋ ಕೊಟ್ಟು ನನ್ನನ್ನ ವಾಪಸ್ ಅಲ್ಲಿಗೇ ಕರ್ಕೊಂಡು ಬಂದ್ರಿ."

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಷ್ಟರಲ್ಲಿ ಕಕ್ಕಸಿನಿಂದ ಮಗ ಕೂಗಿಕೊಂಡದ್ದರಿಂದ ಉತ್ತರ ಕೊಡುವ ಪ್ರಮೇಯವೂ ಬರಲಿಲ್ಲ. ಅದು ಒಣ ಕಕ್ಕಸು. ಪಕ್ಕದ ಬಕೆಟ್ಟಿನಲ್ಲಿ ಮರದ ಪುಡಿಯಂಥದ್ದೇನೋ ಇರುತ್ತದೆ, ಕೆಲಸ ಮುಗಿದ ಮೇಲೆ ಒಂದು ಸೌಟು ಸುರಿಯಬೇಕು, ಎಲ್ಲ ಕೊಳೆತು ಗೊಬ್ಬರವಾಗುತ್ತದೆ. ನೀರು ಮಾತ್ರ ಹಾಕಕೂಡದು ಎಂದು ಗೋಡೆಯ ಮೇಲೆ ಚಿತ್ರ ಬರೆದಿದ್ದರು. ಚೊಂಬಿಲ್ಲದೆ ಆ ಬಾಗಿಲು ದಾಟಿ ಗೊತ್ತೇ ಇಲ್ಲದ ಕುಟುಂಬಕ್ಕೆ ಇದೊಂದು ಸಂವಿಧಾನಾತ್ಮಕ ಬಿಕ್ಕಟ್ಟು. ಸಭೆ ಸೇರಿತು, ಚರ್ಚೆ ನಡೆಯಿತು, ಪರಿಹಾರವೂ ಸಿಕ್ಕಿತು. ಅದೇನೆಂಬುದು ಮನೆಯ ಗುಟ್ಟು.

ಮೊದಲ ಸಂಜೆ ಸೌದೆಯದ್ದು. ನನ್ನ ಗಂಡ ಹುಟ್ಟಿ ಬೆಳೆದದ್ದು ಬೆಂಗಳೂರಿನ ಜಯನಗರದಲ್ಲಿ. ಕೊಡಲಿಯನ್ನು ಆತ ಪರಶುರಾಮನ ಫೋಟೋದಲ್ಲಷ್ಟೇ ನೋಡಿದ್ದು. ಆದರೂ ಯೂಟ್ಯೂಬಿನ ಧೈರ್ಯದಿಂದ ತುಂಡೊಂದನ್ನು ನಿಲ್ಲಿಸಿ ಬೀಸಿದ. ಕೊಡಲಿ ತುಂಡಿನೊಳಗೆ ಕೂತುಬಿಟ್ಟಿತು. ಎಳೆದರೆ ತುಂಡೂ ಜೊತೆಗೆ ಮೇಲೆದ್ದಿತು. ತುಂಡನ್ನು ಕಾಲಲ್ಲಿ ಒತ್ತಿ ಹಿಡಿದರೆ ಕೊಡಲಿ ಬಂತು, ಚಪ್ಪಲಿ ಹೋಯಿತು. ಜಗಲಿಯಲ್ಲಿ ಕೂತು ಎಲೆಯಿಲ್ಲದ ಬರೀ ಅಡಿಕೆ ಅಗಿಯುತ್ತಿದ್ದ ಅಪ್ಪ ಬಹಳ ಹೊತ್ತು ತಡೆದುಕೊಂಡರು. ಅಳಿಯನಿಗೆ ನೇರವಾಗಿ ಹೇಳುವ ಹಾಗಿಲ್ಲವಲ್ಲ, ನನ್ನನ್ನು ನೋಡಿ ಹೇಳಿದರು: "ಗಂಟು ಎಲ್ಲಿದೆ ಅಂತ ನೋಡ್ಕೊಂಡು ಹೊಡೀಬೇಕು ಅಂತ ಹೇಳೇ ಅವರಿಗೆ."

ಆಮೇಲೆ ತಾವೇ ಎದ್ದು ಪಂಚೆ ಮೇಲೆ ಕಟ್ಟಿದರು. ಬರ್ಚ್ ಮರದ ಎಳೆ ನೇರ, ಗಂಟು ತಪ್ಪಿಸಿ ಏಟು ಬಿದ್ದರೆ ಟಪ್ಪನೆ ಸೀಳುತ್ತದೆ. ಅರ್ಧ ಗಂಟೆಯಲ್ಲಿ ಕೊಟ್ಟಿಗೆಯ ಮುಂದೆ ರಾಶಿ ಬಿತ್ತು. ಎಪ್ಪತ್ತು ದಾಟಿದವರು ಮೈಕೈ ನೋವೆಂದು ಗೊಣಗಬಹುದೆಂದು ನಾನು ಮುಲಾಮು ಹುಡುಕುತ್ತಿದ್ದರೆ, ಅವರು ನಾಳೆಗೆ ಇಷ್ಟು ಸಾಲದು ಎನ್ನುತ್ತಿದ್ದರು. ಅಳಿಯನಿಗೆ ನೀರು ಹೊರುವ ಹುದ್ದೆಗೆ ಹಿಂಬಡ್ತಿ ಆಯಿತು.

ಇಷ್ಟರ ನಡುವೆ ಕತ್ತಲಾಗಲೇ ಇಲ್ಲ. ಎಸ್ಪೋದಲ್ಲಿ ಎದುರು ಕಟ್ಟಡ ಅಡ್ಡ ಇದ್ದದ್ದರಿಂದ ಅಪ್ಪ ಗಡಿಯಾರ ನೋಡಿ ಸಂಜೆ ಆರೂವರೆಗೆ ಸಂಧ್ಯಾವಂದನೆ ಮುಗಿಸುತ್ತಿದ್ದರು. ಇಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಕಟ್ಟೆ, ಎದುರಿಗೇ ಸೂರ್ಯ. ಕಣ್ಣೆದುರು ಉರಿಯುತ್ತಿರುವವನನ್ನು ಮುಳುಗಿದ ಎಂದು ಹೇಗೆ ನಂಬುವುದು? ಕಾದರು. ಏಳಾಯಿತು, ಎಂಟಾಯಿತು. ಅಮ್ಮ ದೇವರ ದೀಪ ಹಚ್ಚಲು ಬತ್ತಿ ಹೊಸೆದುಕೊಂಡು ಕಾದಳು. ಸಂಧ್ಯೆ ಆಗದೆ ಅಪ್ಪ ಊಟ ಮಾಡುವವರಲ್ಲ, ಅಪ್ಪನ ಊಟ ಆಗದೆ ಅಮ್ಮನದ್ದಿಲ್ಲ. ಇಬ್ಬರೂ ಬಡಿಸದ ತಟ್ಟೆಯ ಮುಂದೆ ಕೂತು ಸೂರ್ಯನನ್ನು ದುರುಗುಟ್ಟಿ ನೋಡಿದರು. ಮಕ್ಕಳೋ, ಇನ್ನೂ ಹಗಲು, ನಾವ್ಯಾಕೆ ಮಲಗಬೇಕು ಎಂದು ಕುಣಿಯುತ್ತಿದ್ದವು. ರಾತ್ರಿ ಹತ್ತು ಕಳೆದ ಮೇಲೆ ಭಗವಂತ ಕೊನೆಗೂ ಮರಗಳ ತುದಿಗೆ ಬಂದ.

ಇಲ್ಲಿ ಒಂದು ಮಾತು ಹೇಳಬೇಕು. ಸೈಮಾದಲ್ಲಿ ಮಾತ್ರ ಸಿಗುವ ಒಂದು ಸೀಲ್ ಜಾತಿಯಿದೆ. ಹಿಮಯುಗ ಮುಗಿದ ಮೇಲೆ ನೆಲ ಮೇಲೆದ್ದು ಸಮುದ್ರದ ದಾರಿ ಮುಚ್ಚಿ, ಈ ಸಿಹಿನೀರಿನಲ್ಲೇ ಸಿಕ್ಕಿಹಾಕಿಕೊಂಡು ಉಳಿದುಬಿಟ್ಟ ಪ್ರಾಣಿ. ಉಳಿದಿರುವುದು ಕೆಲವೇ ನೂರು. ಇಲ್ಲಿನವರಿಗೆ ಅದರ ಮೇಲೆ ವಿಪರೀತ ಪ್ರೀತಿ. ನೀರಿನ ಮೇಲೆ ದುಂಡಗೆ, ನುಣ್ಣಗೆ, ಕಪ್ಪಗೆ ಏನು ಕಂಡರೂ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

ನಮ್ಮಪ್ಪನ ತಲೆಯಲ್ಲಿ ಕೂದಲಿಲ್ಲ. ತುಂಗಾ ನದಿಯಲ್ಲಿ ಈಜು ಕಲಿತವರು. ಕಷಾಯದ ಬಣ್ಣದ ಆ ನೀರಿಗಿಳಿದು, ಒಂದಿಷ್ಟು ದೂರ ಈಜಿ, ಮೂಗಿನವರೆಗೆ ಮುಳುಗಿ ನಿಂತರು. ದ್ವೀಪದ ಆಚೆಯಿಂದ ಬರುತ್ತಿದ್ದ ಕಯಾಕಿನ ಇಬ್ಬರು ಹುಟ್ಟು ಹಾಕುವುದನ್ನು ನಿಲ್ಲಿಸಿದರು. ಒಬ್ಬಾಕೆ ನಿಧಾನಕ್ಕೆ ದುರ್ಬೀನು ತೆಗೆದಳು, ಇನ್ನೊಬ್ಬ ಫೋನು. ಕಟ್ಟೆಯ ಮೇಲಿದ್ದ ನಮಗೆ ಕೂಗಿ ಹೇಳೋಣವೆಂದರೆ ಆ ನಿಶ್ಶಬ್ದದಲ್ಲಿ ಬಾಯಿ ಬರಲಿಲ್ಲ. ಆಗ ಸೀಲ್ ಎದೆಮಟ್ಟಕ್ಕೆ ಎದ್ದು ನಿಂತಿತು. ಅದರ ಎಡ ಹೆಗಲ ಮೇಲೆ ಜನಿವಾರವಿತ್ತು. ಎರಡೂ ಕೈ ಬೊಗಸೆ ಮಾಡಿ ನೀರೆತ್ತಿ, ಗಾಯತ್ರಿ ಹೇಳಿ, ಅರ್ಘ್ಯ ಬಿಟ್ಟಿತು. ದುರ್ಬೀನಿನಾಕೆ ಅದನ್ನು ಕೆಳಗಿಳಿಸಿ, ಒರೆಸಿ, ಮತ್ತೆ ಕಣ್ಣಿಗಿಟ್ಟುಕೊಂಡಳು.

ಊಟ ಮುಗಿದು ಮಲಗುವಾಗ ಹನ್ನೊಂದೂವರೆ. ನಾಲ್ಕರೊಳಗೆ ಸೂರ್ಯ ಮತ್ತೆ ಹಾಜರು. ಪ್ರಾತಃಸಂಧ್ಯೆಗೆಂದು ಅಪ್ಪ ಎದ್ದು ಮರದ ನೆಲದ ಮೇಲೆ ನಡೆದರೆ, ಒಂದೊಂದು ಹಲಗೆಯೂ ಕಿರುಗುಟ್ಟಿ ಮನೆಮಂದಿಯನ್ನೆಲ್ಲ ಎಬ್ಬಿಸಿತು. ಇಂಥ ಊರಲ್ಲಿ ವೈದಿಕರಿಗೆ ನಿದ್ದೆ ಎಲ್ಲಿಂದ ಎಂದು ಅವರೇ ಮಧ್ಯಾಹ್ನ ಗೊರಕೆಯ ನಡುವೆ ಬೇಸರಪಟ್ಟರು.

ಸೊಳ್ಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇದ್ದವು, ಕಚ್ಚಿದವು. ಕಾಡು ಸುತ್ತಿ ಬಂದ ಅಪ್ಪ ಮಾತ್ರ ಕಾಲು ಎತ್ತೆತ್ತಿ ನೋಡಿಕೊಂಡು ನಿರಾಶರಾದರು. "ಒಂದು ಉಂಬಳ ಹತ್ತಲಿಲ್ಲ. ಇದೂ ಒಂದು ಕಾಡಾ?"

ಅಮ್ಮನಿಗೆ ಕಾಡಿನಲ್ಲಿ ಬೇರೆಯದೇ ಸಮಸ್ಯೆ. ಮೊಣಕಾಲೆತ್ತರದ ಗಿಡಗಳ ತುಂಬ ಬ್ಲೂಬೆರ್ರಿ ಹಣ್ಣಾಗುತ್ತಿತ್ತು. ಈ ದೇಶದಲ್ಲಿ ಕಾಡು ಯಾರದ್ದೇ ಇರಲಿ, ಹಣ್ಣು ಅಣಬೆ ಯಾರು ಬೇಕಾದರೂ ಕೊಯ್ಯಬಹುದು, ಕೇಳಬೇಕಾಗಿಲ್ಲ. ಪಕ್ಕದ ಮನೆಯವರು ಬೇಲಿ ಮೇಲಿನ ಹಲಸಿನಕಾಯಿ ಕಿತ್ತರೆಂದು ಎರಡು ವರ್ಷ ಮಾತು ಬಿಟ್ಟಿದ್ದ ಅಮ್ಮನಿಗೆ ಈ ಕಾನೂನು ಜೀರ್ಣವಾಗಲಿಲ್ಲ. ಮೊದಲ ದಿನ ಮೊಮ್ಮಗಳನ್ನು ಕಾವಲಿಗೆ ನಿಲ್ಲಿಸಿ, ಸೆರಗಿನ ಮರೆಯಲ್ಲಿ ಕೊಯ್ದಳು. ಮರುದಿನ ಬಕೆಟ್ಟು ಹಿಡಿದು ಹೊರಟಳು. ಬ್ಲೂಬೆರ್ರಿ ಗೊಜ್ಜು, ಬ್ಲೂಬೆರ್ರಿ ಸಾಸಿವೆ, ಬ್ಲೂಬೆರ್ರಿ ಹಾಕಿದ ಅವಲಕ್ಕಿ. ಎಲ್ಲರ ಹಲ್ಲೂ ನೇರಳೆ. ಗೊಜ್ಜಿನ ಒಗ್ಗರಣೆಗೆ ಸಾಸಿವೆ ಸಿಡಿಯುವ ಮುಂಚೆಯೇ ಹೊಗೆ ಗಂಟೆ ಕಿರುಚಿಕೊಂಡಿತು. ಆಮೇಲಿಂದ ಪ್ರತಿ ಒಗ್ಗರಣೆಗೂ ಮಗ ಸ್ಟೂಲು ಹತ್ತಿ ಟವೆಲ್ ಬೀಸುವ ಡ್ಯೂಟಿ ಮಾಡಿದ.

ಇನ್ನು ಸೌನಾ. ಈ ದೇಶದಲ್ಲಿ ಸೌನಾಗಳು ಸುಮಾರು 30 ಲಕ್ಷ, ಎರಡು ಜನಕ್ಕೊಂದು ಬಿದ್ದರೂ ಮಿಗುತ್ತದೆ. 2020ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು ಎಂದು ಗಂಡ ಓದಿ ಹೇಳಿದಾಗ, ನಮ್ಮ ಬಚ್ಚಲೊಲೆ ಎಂತ ಪಾಪ ಮಾಡಿತ್ತು ಎಂದು ಅಪ್ಪ ಕೇಳಿದರು. ಒಲೆಯ ಮೇಲೆ ಕಲ್ಲುರಾಶಿ, ಕಾದ ಕಲ್ಲಿನ ಮೇಲೆ ನೀರು ಹೊಯ್ದರೆ ಹಬೆ, ಎಂಬತ್ತು ಡಿಗ್ರಿ ಶೆಕೆಯಲ್ಲಿ ಮರದ ಮೆಟ್ಟಿಲ ಮೇಲೆ ಕೂರಬೇಕು. ಬೆನ್ನಿಗೆ ಬಡಿದುಕೊಳ್ಳಲೆಂದು ಬರ್ಚ್ ಎಲೆಯ ಕಟ್ಟೊಂದು ಗೋಡೆಗೆ ತೂಗುಹಾಕಿತ್ತು. ಅಮ್ಮ ಅದನ್ನು ತೆಗೆದುಕೊಂಡು ಜಗಲಿ ಗುಡಿಸಿ, ಈ ಹಿಡಿಸೂಡಿ ನಮ್ಮೂರಿನದ್ದರಷ್ಟು ಗಟ್ಟಿಯಿಲ್ಲ ಎಂದು ತೀರ್ಪು ಕೊಟ್ಟಿದ್ದಳು.

ಒಳಗೆ ಕೂರುವ ಮುಂಚೆ ಅಮ್ಮನ ಒಂದೇ ಪ್ರಶ್ನೆ: "ಇಷ್ಟು ಶೆಕೆಗೆ ಎಣ್ಣೆ ಹಚ್ಕೊಳ್ಳದೆ ಕೂರೋದಾ? ಹುಚ್ಚಾ?" ಬಾಟಲಿ ಬಂತು. ತಲೆಯಿಂದ ಅಂಗಾಲಿನವರೆಗೆ ಎಲ್ಲರಿಗೂ ತಿಕ್ಕಿದಳು. ಅಪ್ಪನಿಗೆ ಪಂಚೆ, ಅಮ್ಮನಿಗೆ ಹಳೇ ಸೀರೆ, ಬಿಸಿಲಿನಂಥ ಹಬೆ, ಗಮ್ಮೆಂದು ಕೊಬ್ಬರಿ ವಾಸನೆ. ನಿಜ ಹೇಳಬೇಕೆಂದರೆ ಅಂಥ ಸುಖ ನಾನು ಬಾಣಂತನದಲ್ಲೂ ಕಂಡಿರಲಿಲ್ಲ. ಮೇಲಿನ ಮೆಟ್ಟಿಲಿಗೆ ಬಡ್ತಿ ಪಡೆಯಲು ಹೋದ ಗಂಡ ಎಣ್ಣೆಗೆ ಜಾರಿ ಕೆಳಗಿನ ಮೆಟ್ಟಿಲಿಗೇ ಬಂದು ಕೂತ. ಹಾಗೇ ಬಾಟಲಿಯೂ ಉರುಳಿತು.

ಬೆಳಿಗ್ಗೆ ನೋಡಿದರೆ ಬೆಳ್ಳಗಿನ ಮರದ ಮೆಟ್ಟಿಲ ಮೇಲೆ ನಾವೆಲ್ಲ ಕೂತ ಕಡೆ ಒಂದೊಂದು ಕಪ್ಪು ಗುಂಡು ಅಚ್ಚು. ದೊಡ್ಡವರದ್ದು ದೊಡ್ಡದು, ಮಕ್ಕಳದ್ದು ಸಣ್ಣದು, ಗುರುತು ಹಿಡಿಯುವಷ್ಟು ಸ್ಪಷ್ಟ. ಬಾಟಲಿ ಉರುಳಿದಲ್ಲಿ ಭೂಪಟ. ಗಂಡ ಕರಾರು ಪತ್ರ ತೆಗೆದು, ಹಾನಿಯಾದರೆ ಠೇವಣಿಯಲ್ಲಿ ಕಡಿತ ಎಂಬ ಸಾಲನ್ನು ಎರಡೆರಡು ಸಲ ಓದಿದ. ಬಿಸಿನೀರು ಹಾಕಿ ಉಜ್ಜಿದೆವು. ಅಚ್ಚು ಇನ್ನೂ ಹೊಳೆಯಿತು. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ, ಸೆರಗು ಸಿಕ್ಕಿಸಿದಳು. "ಕಲೆ ಹೋಗಲ್ಲ ಅಂದ್ಮೇಲೆ ಎಲ್ಲಾ ಕಡೆ ಮಾಡಿದ್ರಾಯ್ತು. ಬಟ್ಟೆ ಕೊಡಿ." ಉಳಿದ ಎಣ್ಣೆಯಲ್ಲಿ ಮೆಟ್ಟಿಲು, ಒರಗುಹಲಗೆ, ಬಾಗಿಲಿನ ಹಿಡಿ ಎಲ್ಲವನ್ನೂ ತಿಕ್ಕಿದೆವು. ಸೌನಾ ಪೂರ್ತಿ ಒಂದೇ ಬಣ್ಣಕ್ಕೆ ಬಂತು.

ಹೊರಡುವ ದಿನ, ಅಷ್ಟೂ ದಿನ ಕಾಣದಿದ್ದ ಮಾಲೀಕರು ಟ್ರಾಕ್ಟರಿನಲ್ಲಿ ಬಂದರು. ಎತ್ತರದ ಮುದುಕ, ಮಾತು ಬಹಳ ಕಡಿಮೆ. ಅಪ್ಪ ಜೋಡಿಸಿಟ್ಟ ಸೌದೆ ಅಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತರು, ಅಪ್ಪನನ್ನು ನೋಡಿ ತಲೆ ಆಡಿಸಿದರು. ಆಮೇಲೆ ಸೌನಾದೊಳಗೆ ಹೋದರು. ಗಂಡ ನನ್ನ ಕೈ ಹಿಡಿದ, ಪ್ರೀತಿಯಿಂದಲ್ಲ. ಅವರು ಮೆಟ್ಟಿಲ ಮೇಲೆ ಬೆರಳೆಳೆದು, ಮೂಸಿ ನೋಡಿ, ಇಂಗ್ಲಿಷಿನಲ್ಲಿ ನಿಧಾನಕ್ಕೆ ಕೇಳಿದರು: ಈ ಹಲಗೆಗಳಿಗೆ ನಾನು ಪ್ಯಾರಾಫಿನ್ ಎಣ್ಣೆ ಹಚ್ಚುವುದು, ಈ ವರ್ಷ ಆಗಿರಲಿಲ್ಲ. ನೀವು ಹಚ್ಚಿದ್ದು ಯಾವುದು?

ನಾನು ಅನುವಾದಿಸುವ ಮೊದಲೇ ಅಮ್ಮನಿಗೆ ಅರ್ಥವಾಗಿತ್ತು. ಕಾರಿನ ಡಿಕ್ಕಿ ತೆಗೆಸಿ, ತಳದಲ್ಲಿ ಉಳಿದಿದ್ದ ಎಣ್ಣೆಯ ಸಮೇತ ಬಾಟಲಿ ತಂದು ಅವರ ಕೈಗಿಟ್ಟಳು.

"ಗಾಣದ್ದು ಅಂತ ಹೇಳು. ಮತ್ತೆ ಮಲಗಿಸಿ ಇಡಬೇಡಿ ಅನ್ನು, ಮುಚ್ಚಳ ಸರಿ ಇಲ್ಲ."